ಬೆಳ್ಳಗಾದ ತತ್ತಿಗಳು

ನಮ್ಮ ಪಡಸಾಲೆಯಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ದೊಡ್ಡ ಗಾಜಿನ ತೊಟ್ಟಿ ಇದೆ. ಅದರೊಳಗೆ ಒಂದೇ ಒಂದು ಮೀನು. ಫ್ಲವರ್‌ಹಾರ್ನ್ ಎನ್ನುತ್ತಾರೆ. ಕೆಂಪು ಮೈ, ಪಕ್ಕೆಯ ಮೇಲೆ ಕಪ್ಪು ಮಚ್ಚೆ, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗುಬುಟು. ಅತ್ತೆ ಅದನ್ನು ನೋಡಿ, "ಎತ್ತಿಗಿ ಬೆನ್ನ ಮ್ಯಾಲ ಇಣಿ ಇದ್ರ ಇದಕ್ಕ ಹಣಿ ಮ್ಯಾಲ ಐತಲ್ಲೋ" ಎಂದು ನಕ್ಕಿದ್ದರು. ನಮ್ಮ ಮನೆಯವರು ಅದನ್ನು ಬೆರಳುದ್ದ ಇದ್ದಾಗ ಮಿರಜದಿಂದ ತಂದು ಬೆಳೆಸಿದ್ದು. ಈಗ ಅಂಗೈಗಿಂತ ದೊಡ್ಡದು. ಹತ್ತಿರ ಯಾರೇ ಬರಲಿ, ಗಾಜಿಗೆ ಹಣೆ ಹಚ್ಚಿ ಜಗಳಕ್ಕೆ ನಿಲ್ಲುತ್ತದೆ. ನೀರು ಬದಲಿಸಲು ಕೈ ಹಾಕಿದರೆ ಕಚ್ಚುತ್ತದೆ. ಕಚ್ಚಿಸಿಕೊಳ್ಳುವ ಕೆಲಸ ನನ್ನದು, ಬಂದವರಿಗೆ ತೋರಿಸಿ ಮೀಸೆ ತಿರುವುವ ಕೆಲಸ ಇವರದು.

ನಮ್ಮೂರು ಅಥಣಿ ಮತ್ತು ಕಾಗವಾಡದ ನಡುವೆ. ನಮ್ಮದು ದ್ರಾಕ್ಷಿ ತೋಟದ ಮನೆ. ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಕೊಕಟನೂರ ಎಲ್ಲಮ್ಮನಿಗೆ ಉಡಿ ತುಂಬಿದ್ದಾಯಿತು, ಯಡೂರಿನ ವೀರಭದ್ರನಿಗೆ ಬೇಡಿಕೊಂಡದ್ದಾಯಿತು. ಮಿರಜದ ಲೇಡಿ ಡಾಕ್ಟರ್, ನಮ್ಮ ಕಡೆ ಡಾಕ್ಟರ್ ಬಾಯಿ ಎನ್ನುತ್ತಾರೆ, ನನ್ನ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಎಲ್ಲಾ ಸರಿಯಿದೆ ಎಂದರು. "ಪುಢಚ್ಯಾ ವೇಳೀ ಮಾಲಕಾಂನಾ ಘೇಊನ ಯಾ" ಎಂದು ಪ್ರತಿ ಸಲ ಹೇಳುತ್ತಿದ್ದರು. ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬಾ ಎಂದು. ನಾನು ಮನೆಗೆ ಬಂದು ಅದನ್ನು ಹೇಳುತ್ತಿದ್ದೆ. ಅಷ್ಟರಲ್ಲಿ ಇವರಿಗೆ ತೋಟಕ್ಕೆ ಔಷಧ ಹೊಡೆಯುವುದಿರುತ್ತಿತ್ತು, ಇಲ್ಲವೇ ಚಾಟ್ನಿಗೆ ಆಳು ಬರುವವರಿರುತ್ತಿದ್ದರು. ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದು. ಅದಕ್ಕೂ ಮುಂಚೆ, ಕಡ್ಡಿಯ ಕಣ್ಣಿನೊಳಗೆ ಗೊನೆ ಇದೆಯೋ ಇಲ್ಲವೋ ಎಂದು ಕಡ್ಡಿಯನ್ನೇ ಪರೀಕ್ಷೆಗೆ ಕಳುಹಿಸುವ ಮನುಷ್ಯ ಇವರು. ಮಣ್ಣಿನ ರಿಪೋರ್ಟ್ ಇದೆ, ಬಾವಿ ನೀರಿನದಿದೆ, ಎಲೆಯ ದೇಟಿನದೂ ಇದೆ. ತಮ್ಮದೊಂದು ಇಲ್ಲ.

ಶಿರಗುಪ್ಪಿಯಲ್ಲಿ ಒಂದು ಮದುವೆಗೆ ಹೋದಾಗ ಇವರ ಸೋದರತ್ತೆ ನಾನು ಕೇಳಿಸಿಕೊಳ್ಳುವಷ್ಟು ದೂರದಲ್ಲೇ ನಿಂತು ನಮ್ಮ ಅತ್ತೆಗೆ, "ಇನ್ನೊಂದ ಕಡೆ ನೋಡಬಾರದೇನ?" ಎಂದಿದ್ದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಈ ಮೀನಿಗೆ ಮರಿ ಮಾಡಿಸಬೇಕೆಂಬ ಹುಚ್ಚು ಇವರಿಗೆ ಹತ್ತಿದ್ದು ಅದೇ ವರ್ಷ, ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ ಖಾಲಿಯಾಗಿ ಕೈಗೆ ಕೆಲಸ ಕಡಿಮೆಯಾದಾಗ. ಮಿರಜದಿಂದ ಒಂದು ಹೆಣ್ಣು ತಂದರು. ಹಣೆ ಚಪ್ಪಟೆ, ಬಣ್ಣ ಮಂಕು, ಗಂಡಿನ ಅರ್ಧದಷ್ಟು ಮೈ. ಈ ಜಾತಿಯಲ್ಲಿ ಹೆಣ್ಣನ್ನು ಸೀದಾ ಒಳಗೆ ಬಿಟ್ಟರೆ ಗಂಡು ಕೊಂದೇ ಹಾಕುತ್ತದೆ. ಅದಕ್ಕೆ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟಿನ ಒಂದು ಮಗ್ಗುಲನ್ನು ಕೊಯ್ದು ತೊಟ್ಟಿಯ ನಡುವೆ ಅಡ್ಡ ನಿಲ್ಲಿಸಿದರು. ತೂತುಗಳಿಂದ ಒಂದನ್ನೊಂದು ನೋಡಬಹುದು, ಮುಟ್ಟುವಂತಿಲ್ಲ.

"ದಿನಾ ನೋಡಿ ನೋಡಿ ರೂಢಿ ಆಗಬೇಕವ್ವ" ಎಂದು ಇವರು ತಾಯಿಗೆ ವಿವರಿಸಿದರು.

"ನಮಗ ಇಷ್ಟ ದಿನ ಯಾರ ನೋಡಾಕ ಬಿಟ್ಟಿದ್ರೋ?" ಎಂದರು ಅತ್ತೆ.

ಮೊದಮೊದಲು ಗಂಡು ಕ್ರೇಟಿಗೆ ಧಡ್ ಧಡ್ ಎಂದು ಗುದ್ದುತ್ತಿತ್ತು. ಬರಬರುತ್ತ ಗುದ್ದುವುದು ಬಿಟ್ಟು ಅಡ್ಡದ ಪಕ್ಕದಲ್ಲೇ ನಿಂತು ಮೈ ನಡುಗಿಸತೊಡಗಿತು. ಹೆಣ್ಣೂ ಆ ಕಡೆಯಿಂದ ಹಾಗೇ ಮಾಡಿತು. ಅದರ ಹೊಟ್ಟೆ ಉಬ್ಬಿತು. ತಳದಲ್ಲಿಟ್ಟಿದ್ದ ಹಂಚನ್ನು ಬಾಯಿಂದ ತಿಕ್ಕಿ ತಿಕ್ಕಿ ಸ್ವಚ್ಛ ಮಾಡಿತು. ಇನ್ನು ಹೊಂದಿಕೊಂಡವು ಎಂದು ಇವರು ಅಡ್ಡ ತೆಗೆದರು. ಗಂಡು ಅದರ ಸುತ್ತ ಒಂದು ಸುತ್ತು ಹಾಕಿತು, ಎರಡನೇ ಸುತ್ತಿಗೆ ಬಾಲ ಹಿಡಿದು ಹರಿಯಿತು. ಇವರು "ಅಯ್ಯಯ್ಯ" ಎನ್ನುತ್ತಾ ನಿಂತೇ ಇದ್ದರು. ನಾನೇ ಕ್ರೇಟಿನ ತುಂಡನ್ನು ನಡುವೆ ತುರುಕಿದೆ. ನೀರಿಗೆ ಕಲ್ಲುಪ್ಪು ಹಾಕಿ, ಆ ಹೆಣ್ಣು ಚೇತರಿಸಿಕೊಳ್ಳುವ ತನಕ ನೋಡಿಕೊಂಡೆ. ಬಾಲ ಮತ್ತೆ ಬಂತು, ಆದರೆ ಮೇಲ್ತುದಿಯಲ್ಲಿ ಒಂದು ಕಚ್ಚು ಹಾಗೇ ಉಳಿಯಿತು.

ಎರಡನೇ ಸಲ ಅಡ್ಡ ತೆಗೆದಾಗ ಹೊಡೆತ ಬೀಳಲಿಲ್ಲ. ಹೆಣ್ಣು ಹಂಚಿನ ಮೇಲೆ ಸಾಲು ಹಿಡಿದು ತತ್ತಿ ಇಟ್ಟಿತು, ಜೇನಿನ ಬಣ್ಣದವು. ಗಂಡು ಅದರ ಹಿಂದೆಯೇ ಹೋಗಿ ತನ್ನ ಕೆಲಸ ಮಾಡಿದ ಹಾಗೆ ಕಂಡಿತು. ಇವರು ಊರಿಗೆಲ್ಲ ಫೋನ್ ಮಾಡಿದರು. ಮರುದಿನ ನೋಡಿದರೆ ತತ್ತಿಗಳೆಲ್ಲ ಬೆಳ್ಳಗೆ. ಆಮೇಲೆ ಅವುಗಳ ಮೇಲೆ ಹತ್ತಿಯಂಥ ಬೂಷ್ಟು ಬಂತು. ಹೆಣ್ಣು ಮಾತ್ರ ಆ ಸತ್ತ ತತ್ತಿಗಳಿಗೇ ರೆಕ್ಕೆಯಿಂದ ಗಾಳಿ ಹಾಕುತ್ತ ಕುಳಿತಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ.

ಮತ್ತೊಮ್ಮೆ ಇಟ್ಟಿತು. ಮತ್ತೆ ಬೆಳ್ಳಗೆ.

"ಈ ಹೆಣ್ಣ ಬರೋಬರಿ ಇಲ್ಲ" ಎಂದರು ಇವರು. "ಅಂಗಡಿಗಿ ತಿರುಗಿ ಕೊಟ್ಟ ಬದಲಿ ಮಾಡ್ಕೊಂಡ ಬರ್ತೀನಿ."

"ಹೂಂ, ಇನ್ನೊಂದ ತಂದ ನೋಡು" ಎಂದರು ಅತ್ತೆ, ಜೋಳ ಹಸನು ಮಾಡುತ್ತ ಕುಳಿತಲ್ಲಿಂದ.

ಅವರು ಮೀನಿನ ಮಾತನ್ನೇ ಆಡಿದ್ದು, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೂ ಸುಮ್ಮನಿರಲಾಗಲಿಲ್ಲ. "ತತ್ತಿ ಇಟ್ಟೈತ್ರಿ ಅದು. ಅದರ ಕೆಲಸ ಅದು ಮಾಡೇತಿ" ಎಂದೆ.

"ನಿನಗ ಮೀನದ್ದೇನ ತಿಳಿತೈತಿ?" ಎಂದರು ಇವರು.

ತೊಟ್ಟಿ ತೊಳೆಯುವವಳು ನಾನು, ಹುಳ ಹಾಕುವವಳು ನಾನು, ಕಚ್ಚಿಸಿಕೊಂಡವಳು ನಾನು. ಆ ಹೆಣ್ಣನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟಿದ್ದೂ ನಾನೇ.

ಎರಡನೆಯದು ಗಟ್ಟಿಗಿತ್ತಿ. ಕ್ರೇಟಿನ ಈಚೆಯಿಂದ ತಾನೂ ಗುದ್ದುತ್ತಿತ್ತು. ಅಡ್ಡ ತೆಗೆದಾಗ ಎರಡೂ ಬಾಯಿಗೆ ಬಾಯಿ ಕಚ್ಚಿ ಎಳೆದಾಡಿದವು, ಆಮೇಲೆ ಸುಮ್ಮನಾದವು. ಇದೂ ತತ್ತಿ ಇಟ್ಟಿತು. ಅವೂ ಬೆಳ್ಳಗಾದವು. ಇವರು ಬೆಳೆಗೆ ರೋಗ ಬಂದಾಗ ಔಷಧದ ಅಂಗಡಿಗೆ ಎಲೆ ಕಿತ್ತುಕೊಂಡು ಹೋಗುವವರಲ್ಲವೇ, ಹಾಗೆಯೇ ಹಂಚಿನಿಂದ ಒಂದಿಷ್ಟು ತತ್ತಿ ಕೆರೆದು ಸಣ್ಣ ಬಾಟಲಿಗೆ ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಅಂದೇ ನನಗೂ ಡಾಕ್ಟರ್ ಬಾಯಿಯ ಹತ್ತಿರ ಹೋಗುವುದಿತ್ತು. ಮೊದಲು ಮೀನಿನ ಅಂಗಡಿ, ಆಮೇಲೆ ಆಸ್ಪತ್ರೆ ಎಂದು ಹೊರಟೆವು.

ಅಂಗಡಿಯವನು ಬಾಟಲಿ ನೋಡಿದ. "ಒಳಗ ಬರ್ರಿ ದಾದಾ, ವೈನಿ, ನೀವೂ ಬರ್ರಿ" ಎಂದು ಹಿಂದಿನ ಕೋಣೆಗೆ ಕರೆದೊಯ್ದ. ಅಲ್ಲೊಂದು ತೊಟ್ಟಿಯಲ್ಲಿ ಚಪ್ಪಟೆ ಹಣೆಯ ಮೀನು. ಅದರ ಸುತ್ತ ರವೆ ಚೆಲ್ಲಿದ ಹಾಗೆ ಮರಿಗಳು, ಲೆಕ್ಕಕ್ಕೆ ಸಿಗದಷ್ಟು. ನಾವು ಹತ್ತಿರ ಹೋದದ್ದೇ ತಡ, ಅದು ಗಾಜಿಗೆ ನುಗ್ಗಿ ಬಂತು. ತಿರುಗಿದಾಗ ಬಾಲ ಕಂಡಿತು. ಮೇಲ್ತುದಿಯಲ್ಲಿ ಕಚ್ಚು.

"ಗುರ್ತ ಸಿಕ್ತೇನ್ರಿ?" ಎಂದ ಅಂಗಡಿಯವನು. "ನೀವ ತಿರುಗಿ ಕೊಟ್ಟಿದ್ರಲ್ಲ, ಅದ ಹೆಣ್ಣರಿ. ಬ್ಯಾರೆ ಗಂಡಿನ ಜೋಡಿ ಹಚ್ಚಿದ್ನಿ. ಮೊದಲನೇ ಸಲಾನ ಮರಿ ಆದ್ವು."

ಇವರು ಬಾಟಲಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡರು.

"ನಿಮ್ಮದು ನೋಡಾಕ ಭಾಳ ಚಂದ ಐತ್ರಿ" ಎಂದು ಅವನೇ ಮುಂದುವರಿಸಿದ. "ಆದ್ರ ಈ ಜಾತಿಯೊಳಗ ಎಷ್ಟೋ ಗಂಡು ಹಿಂಗ ಇರ್ತಾವ. ಬೀಜ ಇರೂದಿಲ್ಲ. ಹೆಣ್ಣ ಎಷ್ಟ ಬದಲಿ ಮಾಡಿದ್ರೂ ಅಷ್ಟ. ಅದರ ತಪ್ಪಲ್ಲರಿ ಅದು, ಹುಟ್ಟಿದ್ದ ಹಂಗ. ಮೂರನೇದ್ದು ಬೇಕಂದ್ರ ಕೊಡ್ತೀನಿ, ನಂದೇನ ಹೋಗ್ತೈತಿ."

"ಬ್ಯಾಡ" ಎಂದರು ಇವರು.

ನನಗೆ ಅಲ್ಲೇ ಕೂಗಿ ಹೇಳಬೇಕೆನ್ನಿಸಿತು. ಆ ತಾಯಿಮೀನನ್ನೇ ನೋಡುತ್ತ ನಿಂತೆ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟೇ ಸಂತೋಷವೂ ಆಯಿತು.

ಅಲ್ಲಿಂದ ಆಸ್ಪತ್ರೆಗೆ ಬಂದೆವು. ಯಾವಾಗಲೂ ಗೇಟಿನಲ್ಲಿ ನನ್ನನ್ನು ಇಳಿಸಿ ಹೋಗುತ್ತಿದ್ದವರು ಗಾಡಿ ನಿಲ್ಲಿಸಿ ತಾವೂ ಇಳಿದರು. ಚಹಾ ಕುಡಿಯಲು ಇರಬೇಕೆಂದುಕೊಂಡೆ. ಒಳಗೆ ಬಂದು ಹೆಂಗಸರೇ ತುಂಬಿದ ಬೆಂಚಿನ ತುದಿಯಲ್ಲಿ, ನನ್ನ ಪಕ್ಕ ಕುಳಿತರು. ಕಿಸೆಯಲ್ಲಿ ಬಾಟಲಿ ಇನ್ನೂ ಉಬ್ಬಿಕೊಂಡಿತ್ತು. ನನ್ನನ್ನು ಕೂಗಿದಾಗ ನನಗಿಂತ ಮೊದಲು ಇವರೇ ಎದ್ದರು. ಡಾಕ್ಟರ್ ಬಾಯಿ ರೂಢಿಯಂತೆ ನನ್ನ ಕಡೆ ತಿರುಗಿ, ಎಲ್ಲಿ ಮಲಗಬೇಕೆಂದು ಕೈ ತೋರಿಸಿದರು.

"ಈಕಿದೆಲ್ಲಾ ನೋಡಿದ್ದು ಆತಲ್ರಿ" ಎಂದರು ಇವರು. "ಈ ಸಲ ನಂದು ನೋಡ್ರಿ."

ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು. ಡಾಕ್ಟರ್ ಹೇಳಿದರೆ ಕೇಳಲಿಲ್ಲ, ನಾನು ಹೇಳಿದರೆ ಕೇಳಲಿಲ್ಲ, ಒಂದು ಮೀನು ತೋರಿಸಿಕೊಡಬೇಕಾಯಿತು. ಇವರು ನನ್ನ ಕಡೆ ನೋಡಿದರು. ಆ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೂ ಕುರ್ಚಿಯನ್ನು ಇವರ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ.