ಗ್ಲಾಸು ಮುಚ್ಚದ ಯೋಸೆಫ್

ಆರು ಗ್ಲಾಸು ಬಿಯರ್ ಇಳಿಸಿದ ಮೇಲೂ ಯೋಸೆಫನ ಕೈ ನಡುಗುತ್ತಿರಲಿಲ್ಲ. ಅಮ್ಮನ ಪತ್ರ ಬಂದ ದಿನ ಮಾತ್ರ ಲಕೋಟೆ ಹರಿಯಲೂ ಆಗದಷ್ಟು ನಡುಗುತ್ತಿತ್ತು. ಚೆಕೊಸ್ಲೊವಾಕಿಯಾದವನು. ಅರವತ್ತೆಂಟನೇ ಇಸವಿಯಲ್ಲಿ ಊರೊಳಗೆ ರಷ್ಯನ್ ಟ್ಯಾಂಕುಗಳು ನುಗ್ಗಿದಾಗ "ಭಾನುವಾರ ಊಟಕ್ಕೆ ಬಂದ್ಬಿಡ್ತೀನಿ" ಎಂದು ಅಮ್ಮನಿಗೆ ಹೇಳಿ ಗಡಿ ದಾಟಿದ್ದ. ವಾಪಸು ಹೋದರೆ ಜೈಲು. ಇಪ್ಪತ್ತು ವರ್ಷವಾದರೂ ಆ ಭಾನುವಾರ ಬಂದಿರಲಿಲ್ಲ.

ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗಿನ ಕಾರ್ಖಾನೆಯಲ್ಲಿ ಅವನು ನಮ್ಮ ಪಾಳಿಯ ಮೇಸ್ತ್ರಿ. ನಾನು ಮೈಸೂರಿನಲ್ಲಿ ಬಿ.ಇ. ಓದಿ, ಇಲ್ಲಿ "ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ" ಅನ್ನಿಸಿಕೊಂಡು, ಕಬ್ಬಿಣದ ಪಟ್ಟಿಗೆ ತೂತು ಕೊರೆಯುತ್ತಿದ್ದವನು. ಮಿಕ್ಕವರಿಗೆಲ್ಲ ನಾನು 'ಮೇಟ್', ಅಂದರೆ ಗೆಳೆಯ. ಯೋಸೆಫ್ ಮಾತ್ರ "ಇಂಜಿನಿಯರ್ ಸಾಹೇಬರೇ" ಎನ್ನುತ್ತಿದ್ದ. ಅವರ ದೇಶದಲ್ಲಿ ಓದಿದವರನ್ನು ಡಿಗ್ರಿ ಹಿಡಿದೇ ಕರೆಯುವುದಂತೆ. ಅವನ ಮುರುಕು ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ. ಹಾಗೆ ಕರೆದಾಗ ಖುಷಿಯೂ ಆಗುತ್ತಿತ್ತು, ನೆಲ ಬಾಯಿಬಿಡಬಾರದೇ ಅಂತಲೂ ಅನಿಸುತ್ತಿತ್ತು.

ಒಂದು ಶುಕ್ರವಾರ ಸಂಜೆ ತನ್ನ ಜನರ ಕ್ಲಬ್ಬಿಗೆ ಎಳೆದುಕೊಂಡು ಹೋದ. ನಾನು ಮಾಂಸ ತಿನ್ನೋಲ್ಲ ಅಂದಿದ್ದಕ್ಕೆ ಅಡಿಗೆಯವಳ ಜೊತೆ ಜಗಳವನ್ನೇ ಆಡಿ ಕ್ನೆಡ್ಲಿಕ್ ತರಿಸಿದ. ಹಬೆಯಲ್ಲಿ ಬೆಂದ ಹಿಟ್ಟು, ದಾರದಲ್ಲಿ ಹೋಳು ಮಾಡಿದ್ದು. ಮೇಲೆ ಬಿಳಿ ಗೊಜ್ಜು. ಬಾಯಿಗಿಟ್ಟೆ. ಅಯ್ಯೋ ಶಿವನೇ, ಸಬ್ಬಸಿಗೆ ಸೊಪ್ಪು! ಮೆಲ್ಬರ್ನಿಗೆ ಬಂದ ಮೇಲೆ ಮೊದಲ ಸಲ ಊಟ ಊಟದ ಹಾಗಿತ್ತು.

ಬಿಯರಿನ ಕಥೆ ಬೇರೆ. ಬಡಿಸಿದ್ದನ್ನು ಬಿಡಬಾರದೆಂದು ಬೆಳೆದವನು ನಾನು; ಗ್ಲಾಸು ಖಾಲಿ ಮಾಡಿದೆ. ಕೇಳದೆಯೇ ಇನ್ನೊಂದು ಬಂತು. ಅದನ್ನೂ ಮುಗಿಸಿದೆ, ಮತ್ತೊಂದು. ಐದನೆಯದಕ್ಕೆ ನನಗೆ ಅಳುವೇ ಬಂದಾಗ ಯೋಸೆಫ್ ಮೇಜು ಬಡಿದು ನಕ್ಕ. "ಗ್ಲಾಸಿನಡಿ ಇಟ್ಟಿರೋ ಈ ರಟ್ಟನ್ನ ಅದರ ಮೇಲೆ ಮುಚ್ಚಬೇಕು, ಸಾಹೇಬರೇ! ಮುಚ್ಚೋವರೆಗೂ ತರ್ತಾನೇ ಇರ್ತಾರೆ."

"ನಮ್ಮಲ್ಲಿ ಎಲೆ ಮಡಚ್ತೀವಿ" ಎಂದೆ.

"ನಾನಂತೂ ಮುಚ್ಚೋಲ್ಲ. ಊರಿಗೆ ಹೊರಟ ದಿನ ಮುಚ್ತೀನಿ."

ನಿಜಕ್ಕೂ ಮುಚ್ಚುತ್ತಿರಲಿಲ್ಲ. ಪ್ರತಿ ಶುಕ್ರವಾರವೂ ಕೊನೆಯ ಗ್ಲಾಸನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಎಂಬತ್ತೊಂಬತ್ತರ ಕೊನೆಗೆ ಅಲ್ಲಿಯ ಸರ್ಕಾರ ಉರುಳಿತು. ಕ್ಲಬ್ಬಿನ ಮುದುಕರೆಲ್ಲ ಕುಣಿದರು, ಒಬ್ಬೊಬ್ಬರಾಗಿ ಟಿಕೆಟ್ ಬುಕ್ ಮಾಡಿದರು. ಯೋಸೆಫ್ ಮಾಡಲಿಲ್ಲ. ಒಂದು ವರ್ಷ ನೋಡಿ ನನಗೆ ರೇಗಿಹೋಯಿತು. "ಗಡಿ ತೆರೆದಿದೆ, ಅಮ್ಮ ಬದುಕಿದ್ದಾರೆ. ಇನ್ನೇನು ದಾಡಿ ನಿಮಗೆ?"

ಅವನು ಗ್ಲಾಸನ್ನು ಪಕ್ಕಕ್ಕೆ ಸರಿಸಿದ. "ಈ ಕಾರ್ಖಾನೆ ನಂದೇ ಅಂತ ಬರೆದಿದ್ದೀನಿ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಯಾವ ಮುಖ ಹೊತ್ಕೊಂಡು ಹೋಗಲಿ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೈಸೂರಿನಲ್ಲಿ ನನ್ನಪ್ಪ ಮಗ ಚೀಫ್ ಇಂಜಿನಿಯರ್ ಎಂದೇ ನಂಬಿದ್ದರು, ಬರೆದವನು ನಾನೇ. ಆ ಸುಳ್ಳಿಗೆ ಹೆದರಿಯೇ ರಜ ಸಿಗೋಲ್ಲವೆಂದು ತಂಗಿಯ ಮದುವೆಗೂ ಹೋಗಿರಲಿಲ್ಲ. ಅದನ್ನು ಅವನಿಗೆ ಹೇಳಿಬಿಟ್ಟೆ.

"ಸರಿ ಹಾಗಾದ್ರೆ. ಇಬ್ಬರೂ ಈಗಲೇ ನಿಜ ಬರೆಯೋಣ" ಎಂದ.

ಅದೇ ಮೇಜಿನ ಮೇಲೆ ಎದುರುಬದುರು ಕೂತು ಬರೆದೆವು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ. ಸ್ಟೇಷನ್ ಬಳಿಯ ಅಂಚೆ ಡಬ್ಬಿಗೆ ಒಟ್ಟಿಗೇ ಹಾಕಿದೆವು.

ತಿಂಗಳೊಳಗೆ ಅವನಮ್ಮನ ಉತ್ತರ ಬಂತು. ಲಕೋಟೆಯನ್ನು ನನ್ನ ಕೈಯಲ್ಲೇ ಒಡೆಸಿದ. ಒಂದೇ ಸಾಲು. ಓದಿ, ಮೂಗು ಒರೆಸಿಕೊಂಡು, ನನಗೂ ಹೇಳಿದ: "ಯಾವ ಭಾನುವಾರ?"

ಹೊರಡುವ ಮುಂಚಿನ ಶುಕ್ರವಾರ ಗ್ಲಾಸು ಪೂರ್ತಿ ಮುಗಿಸಿ, ರಟ್ಟನ್ನು ಅದರ ಮೇಲಿಟ್ಟು, ಅಂಗೈಯಿಂದ ಒತ್ತಿದ. "ಇನ್ನು ನಿಮ್ಮ ಸರದಿ, ಇಂಜಿನಿಯರ್ ಸಾಹೇಬರೇ." ಅವನು ಮತ್ತೆ ಮೆಲ್ಬರ್ನಿಗೆ ಬರಲಿಲ್ಲ.

ಆರು ತಿಂಗಳ ಮೇಲೆ ಒಂದು ಕಾರ್ಡ್ ಬಂತು. ವಿಳಾಸದಲ್ಲಿ ನನ್ನ ಹೆಸರಿನ ಹಿಂದೆ ಇಂಜಿನಿಯರ್ ಎಂದು ಹಾಕಿದ್ದ. "ಅಪ್ಪ ಏನಂದರು?" ಎಂದಷ್ಟೇ ಕೇಳಿದ್ದ.

ನಾನು ಉತ್ತರ ಬರೆಯಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಅವರಿಗೆ ನಾನು ಚೀಫ್ ಇಂಜಿನಿಯರೇ. ಆವತ್ತು ಯೋಸೆಫನ ಎದುರಿಗೆ ಕೂತು ನಾನು ಬರೆದದ್ದು ಇಷ್ಟು: ಇಲ್ಲಿ ಎಲ್ಲ ಕ್ಷೇಮ, ಆಫೀಸಿನಲ್ಲಿ ಕೆಲಸ ಜಾಸ್ತಿ, ಈ ವರ್ಷವೂ ರಜ ಸಿಗುವ ಹಾಗಿಲ್ಲ.