ಲಂಡನ್ನಿನ ಎಂಟು ಗಂಟೆ

ಹದಿನೈದು ದಿನದ ಹಿಂದೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಲಂಡನ್ನಿಂದ ಮುಂಬಯಿಗೆ ವಿಮಾನ ಹಾರಿಸಿದೆ.

ಹಾರಿಸಲು ಹೇಳಿದವರು ಎದುರುಮನೆಯ ಹುಸೇನಸಾಬರು. ಜೋರಾಪುರ ಪೇಟೆಯಲ್ಲಿ ಗಾದಿ ಹೊಲಿಯುವವರು. ಮಗಳು ಜೈನಬ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೋದಮೇಲೆ ಇದೇ ಮೊದಲ ಸಲ ರಜೆಗೆ ಬರುವವಳಿದ್ದಳು. ಅಪ್ಪ ಮುಂಬಯಿಗೆ ಹೋಗಿ ಕರೆತರಬೇಕು.

"ಸರ, ಆಕಿ ವಿಮಾನ ಅಲ್ಲೆ ರಾತ್ರಿ ಎಂಟಕ್ಕ ಬಿಡತೈತಂತ್ರಿ. ಮುಂಬಯಿಗೆ ಎಷ್ಟಕ್ಕ ಬರತೈತಿ?"

ಸುತ್ತ ನಾಲ್ಕು ಮಂದಿ ಕೂತಿದ್ದರು. ನಾನೋ ಹೈಸ್ಕೂಲಿನ ಭೂಗೋಳದ ಮಾಸ್ತರ. (ವಿಮಾನವನ್ನು ಆಕಾಶದಲ್ಲಷ್ಟೇ ನೋಡಿದವನು ಎಂಬುದು ಬೇರೆ ಮಾತು.) ಸುಮ್ಮನಿರುತ್ತೇನೆಯೇ? ಎಷ್ಟು ಸಾವಿರ ಮೈಲಿ, ಜೆಟ್ ವಿಮಾನ ತಾಸಿಗೆ ಎಷ್ಟು ಹಾರುತ್ತದೆ, ಎಲ್ಲ ವಿವರಿಸಿದೆ.

"ಹತ್ತು ತಾಸಿನ ಹಾದಿ. ಮುಂಜಾನೆ ಆರಕ್ಕ ಮಗಳು ನಿಮ್ಮ ಮುಂದ!"

ಹುಸೇನಸಾಬರು ಹೋದರು. ಒಬ್ಬರೇ ವಾಪಸು ಬಂದರು.

"ನಸುಕಿನಾಗ ಹೋಗಿ ನಿಂತಿದ್ನಿರಿ ಸರ. ಆರಾತು, ಒಂಬತ್ತಾತು. ಬಂದವರೆಲ್ಲಾ ಹೋದ್ರು. ನನ್ನ ಕೂಸು ಬರಲಿಲ್ಲ."

"ಅಲ್ಲೆ ಯಾರನ್ನರೆ ಕೇಳಬೇಕಿತ್ತಲ್ರಿ?"

"ನೀವು ಹೇಳಿದ ಮ್ಯಾಲ ಮತ್ತೊಬ್ಬರನ್ನ ಯಾಕ ಕೇಳೂದ್ರಿ?"

ಆಗ ತಲೆಗೆ ಹೊಳೆಯಿತು. ಲಂಡನ್ನಿನಲ್ಲಿ ರಾತ್ರಿ ಎಂಟಾದಾಗ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ! ವಿಮಾನ ಇಳಿಯುವುದು ಮಧ್ಯಾಹ್ನದ ಹೊತ್ತಿಗೆ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ರೇಖಾಂಶ ಕಲಿಸುವವನು ನಾನೇ. ಹುಡುಗಿ ಇಳಿಯುವಷ್ಟರಲ್ಲಿ ಅಪ್ಪ ಊರಿನ ರೈಲು ಹಿಡಿದಾಗಿತ್ತು.

ಹೇಳಿದೆನೇ? ಎದುರುಮನೆಯೊಳಗಿಂದ ಅವರ ಹೆಂಡತಿ ಅಳುವುದು ಕೇಳುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಇಷ್ಟು: "ರಜಾ ಸಿಕ್ಕಿರಲಿಕ್ಕಿಲ್ಲ ಬಿಡ್ರಿ."

ಮರುದಿನ ಟಾಂಗಾ ಬಂದು ನಿಂತಿತು. ಜೈನಬ ಇಳಿದಳು. ಗುರುತಿಲ್ಲದ ಮುಂಬಯಿಯಲ್ಲಿ ದಾರಿ ಕೇಳುತ್ತ ಸ್ಟೇಶನ್ನಿಗೆ ಹೋಗಿ, ಟ್ರಂಕಿನ ಮೇಲೆ ಕುಳಿತೇ ರಾತ್ರಿ ಕಳೆದು, ಒಬ್ಬಳೇ ಬಂದಿದ್ದಳು. ಕಣ್ಣು ಕೆಂಪಗಾಗಿದ್ದವು.

"ಅಬ್ಬಾ, ಸಂಜೀತನಕ ನಿನ್ನ ಹಾದಿ ನೋಡಿದೆ. ಯಾಕ ಬರಲಿಲ್ಲ?" ಅಪ್ಪನನ್ನು ಕೇಳಿದಳು.

"ಬಂದಿದ್ನೆವ್ವಾ. ಮುಂಜಾನೆ ಆರಕ್ಕ."

"ಆರಕ್ಕ? ಆರಕ್ಕಂತ ಯಾರು ಹೇಳಿದ್ರು?"

ಓಣಿಯ ಮಂದಿ ಸೇರಿದ್ದರು. ಹುಸೇನಸಾಬರು ಕಟ್ಟೆಯ ಮೇಲೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಬಗ್ಗಿ ಟ್ರಂಕು ಎತ್ತಿಕೊಂಡರು.

"ಯಾರೂ ಹೇಳಿಲ್ಲವಾ. ನಾನ ತಪ್ಪು ತಿಳಕೊಂಡೆ."

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿತ್ತೇ? ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. (ಹೌದು, ಚಿಲಕವನ್ನೂ ಹಾಕಿದೆ.)

ಅಂದಿನಿಂದ ಹಿಂದಿನ ಓಣಿಯಲ್ಲಿ ಹಾಯ್ದು ಶಾಲೆಗೆ ಹೋಗುತ್ತಿದ್ದೇನೆ. ಹುಸೇನಸಾಬರು ಎದುರಾದರೆ ಅದೇ ನಗು, ಅದೇ "ಆರಾಮ ಅದೀರೇನ್ರಿ ಸರ?" ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಅವರಿಗೆ ಓದಲು ಬಾರದು. ಇಷ್ಟು ಧೈರ್ಯವಾಗಿ ಬರೆದದ್ದೂ ಅದಕ್ಕೇ ಇರಬೇಕು. ಊರಿಗೆಲ್ಲ ಹೇಳಬಲ್ಲವನಿಗೆ ಆ ಒಬ್ಬ ಮನುಷ್ಯನೆದುರು ಮಾತು ಯಾಕೆ ಹೊರಡುತ್ತಿಲ್ಲ?