ಧಾರಾವಾಹಿಯಲ್ಲಿ ಇಲ್ಲದ ಕುಬಸ

ನನ್ನ ಅತ್ತೆಯ ಜೊತೆ ಕೂತು ಧಾರಾವಾಹಿ ನೋಡುವುದೆಂದರೆ ತಲೆಚಿಟ್ಟು ಹಿಡಿಯುವ ಕೆಲಸ. ಎರಡು ಸಾವಿರದ ಇಸವಿ ದಾಟಿದ ಹೊಸತು. ಬೈಲಹೊಂಗಲದ ನಮ್ಮ ಓಣಿಯ ನಾಲ್ಕೈದು ಹೆಂಗಸರು ಸಂಜೆ ಏಳಕ್ಕೆ ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಕತೆ ನೋಡಲು ಅಲ್ಲ, ಅದರ ತಪ್ಪು ಹಿಡಿಯಲು. ಸೊಸೆ ಅಳುತ್ತ ಕೋಣೆಗೆ ಹೋಗುವಾಗ ಕಿವಿಯಲ್ಲಿ ಝುಮಕಿ, ಹೊರಗೆ ಬರುವಾಗ ಬೆಂಡೋಲೆ. "ಅಳಕೋತ ಯಾರರ ಓಲಿ ಬದಲ ಮಾಡ್ತಾರೇನವಾ?" ಎಂದು ಅತ್ತೆ ಕೇಳಿದರೆ ಮುಗಿಯಿತು, ಆಮೇಲೆ ಟಿವಿಯವರ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಜಾಹೀರಾತು ಬಂದಾಗ ಮಾತ್ರ ಎಲ್ಲರೂ ಗಪ್ಪು! ನನಗೆ ಕತೆ ಬೇಕಿತ್ತು. ಯಾರಿಗೆ ಹೇಳಲಿ?

ಆ ವರ್ಷ ಧಾರಾವಾಹಿಯ ಸೊಸೆಯೂ ಬಸುರಿ, ನಾನೂ ಚೊಚ್ಚಲ ಬಸುರಿ. ನಮ್ಮ ಕಡೆ ಐದನೇ ತಿಂಗಳಲ್ಲೋ ಏಳರಲ್ಲೋ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಹೊತ್ತು ಬಂದು ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಲೇಬೇಕು. ಧಾರಾವಾಹಿಯಲ್ಲಿ ಐದು ಹೋಯಿತು, ಏಳೂ ಬಂತು, ಕುಬಸದ ಸುದ್ದಿಯೇ ಇಲ್ಲ. ಹೆಂಗಸರು ಕೆರಳಿದರು.

"ಆಕಿ ಅಣ್ಣ ಅದ ಊರಾಗ ಅದಾನ. ಬಂದು ಒಂದ ಬುತ್ತಿ ಇಟ್ಟು ಹೋಗಾಕ ಏನ ಧಾಡಿ ಆಗೇತಿ ಅವಗ?" ಎಂದಳು ಎದುರು ಮನೆಯಾಕೆ.

"ಇದು ಆಗೂ ಮಾತಲ್ಲ ಬಿಡ್ರಿ," ಎಂದರು ಅತ್ತೆ. "ಬೆನ್ನಿಗೆ ಬಿದ್ದ ತಂಗಿ ಬಸರಾಗಿ ಕುಂತಾಳಂದ್ರ ಯಾವ ಅಣ್ಣ ಸುಮ್ಮನಿರ್ತಾನ? ಕತಿ ಬರದಾಂವಗ ಅಕ್ಕತಂಗೇರ ಇಲ್ಲೇನೋ!"

ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಆಗುತ್ತದ್ರೀ, ಚೆನ್ನಾಗಿಯೇ ಆಗುತ್ತದೆ ಎಂದು ಕೂಗಬೇಕೆನಿಸಿತ್ತು. ನನ್ನ ಅಪ್ಪ ಅವ್ವ ಇರಲಿಲ್ಲ, ತವರೆಂದರೆ ರಾಮದುರ್ಗದಲ್ಲಿದ್ದ ಅಣ್ಣನೊಬ್ಬನೇ. ಅವನು ಒಂದು ಹುಡುಗಿಯ ಮನೆಯವರಿಗೆ ಮಾತು ಕೊಟ್ಟು ಆಮೇಲೆ ಒಲ್ಲೆನೆಂದಿದ್ದ. "ನಿನಗ ನಾಚಿಕಿ ಅನ್ನೂದು ಐತೇನು?" ಎಂದು ನಾನು ಆ ಹುಡುಗಿಯ ಮನೆಯವರೆದುರೇ ಬೈದಿದ್ದೆ. ಇನ್ನು ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದವನು ನನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಇದನ್ನು ಗಂಡನಿಗೂ ಹೇಳಿರಲಿಲ್ಲ. ತವರು ಇದ್ದೂ ಇಲ್ಲದವಳು ಎಂದು ಓಣಿಯೆಲ್ಲ ನನಗೆ ಅಯ್ಯೋ ಪಾಪ ಅಂದರೆ ಹೇಗೆ ತಲೆಯೆತ್ತಿ ತಿರುಗಲಿ?

ಅದಕ್ಕೇ, ನಿನ್ನ ಕುಬಸ ಯಾವಾಗ ಎಂದು ಹೆಂಗಸರು ಕೇಳಿದಾಗ ಸುಳ್ಳು ಹೇಳಿದೆ. ಅಣ್ಣನಿಗೆ ಜ್ವರ, ಕಾಗದ ಬರೆದಿದ್ದಾನೆ ಎಂದೆ. ಮುಂದಿನ ವಾರ ಗಾಡಿಯಿಂದ ಬಿದ್ದು ಕಾಲು ಉಳುಕಿದೆ ಎಂದೆ. ಇಂಥ ಹೆಂಗಸರ ಮುಂದೆ ಸುಳ್ಳು ಹೇಳುವ ಕರ್ಮ ಯಾರಿಗೂ ಬೇಡ!

"ಜ್ವರದಾಗ ಗಾಡಿ ಯಾಕ ಹತ್ತಿದ?"

"ಕಾಗದ ಯಾವಾಗ ಬಂತು? ಟಪಾಲಿನಾಂವ ಈ ವಾರ ನಮ್ಮ ಓಣಿಗೆ ಕಾಲ ಇಟ್ಟಿಲ್ಲಲ್ಲ?"

"ಯಾವ ಕಾಲು?"

"ಎಡಗಾಲು," ಎಂದೆ.

"ಮೊನ್ನೆ ಬಲಗಾಲಂದಿದ್ದಿ," ಎಂದಳು ಎದುರು ಮನೆಯಾಕೆ.

ಅತ್ತೆ ಟಿವಿ ಬಿಟ್ಟು ನನ್ನ ಮುಖವನ್ನೇ ನೋಡಿದರು. ತಪ್ಪು ಸಿಕ್ಕಾಗ ಅವರ ಹುಬ್ಬು ಹೀಗೆಯೇ ಮೇಲೇರುತ್ತಿತ್ತು. ನನ್ನ ಮರ್ಯಾದೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಕೇಳಲಿಲ್ಲ. "ಧಾರಾವಾಹಿ ನೋಡಾಕ ಬಂದೀರೋ, ಆ ಹುಡುಗನ ಕಾಲು ನೋಡಾಕ ಬಂದೀರೋ?" ಎಂದು ಹೆಂಗಸರನ್ನು ಗದರಿದರು.

ಮುಂದಿನ ಸೋಮವಾರ ನಾನು ದವಾಖಾನೆಗೆ ಹೋಗಿ ಮಧ್ಯಾಹ್ನ ಮನೆಗೆ ಬಂದರೆ ಪಡಸಾಲೆಯ ತುಂಬ ಹೆಂಗಸರು. ನಡುವೆ ಬುತ್ತಿ: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರ್ಚಿಕಾಯಿ, ಡಬ್ಬಿ ತುಂಬ ಶೇಂಗಾ ಹೋಳಿಗೆ. ಪಕ್ಕದಲ್ಲಿ ಹಸಿರು ಸೀರೆ.

"ನಿಮ್ಮಣ್ಣ ಬಂದಿದ್ದನವಾ," ಎಂದರು ಅತ್ತೆ, ನನ್ನ ಕಡೆ ನೋಡದೆ. "ಕುಂಟಕೋತ ಬಂದು, ಇದನ್ನ ಇಟ್ಟು, ಅದ ಬಸ್ಸಿಗೆ ಹೊಳ್ಳಿ ಹೋದ. ಕಾಲ ನೋವು ನೋಡು, ಕುಂದ್ರಾಕ ಆಗಲಿಲ್ಲ."

ಎಂಥ ಸುಳ್ಳು! ಅಡುಗೆಮನೆಯಿಂದ ಇನ್ನೂ ಒಗ್ಗರಣೆಯ ಘಾಟು ಬರುತ್ತಿತ್ತು. ಅತ್ತೆಯ ಮೊಳಕೈಗೆ ಬೆಲ್ಲದ ಹೂರಣ ಅಂಟಿಕೊಂಡಿತ್ತು. ಇದೆಲ್ಲ ಹೋಗಲಿ ಎಂದರೆ, ಹೋಳಿಗೆಯ ಸ್ಟೀಲ್ ಡಬ್ಬಿಯ ಮೇಲೆ ನನ್ನ ಮಾವನ ಹೆಸರು, ಊರು ಸಮೇತ, ಎದ್ದು ಕಾಣುವ ಹಾಗೆ ಕೊರೆದಿತ್ತು. ನನ್ನ ಅಣ್ಣನಿಗಿಂತ ಈ ಮುದುಕಿಯ ಮೇಲೆಯೇ ಸಿಟ್ಟು ಬಂತು. ಮಂದಿಯ ಓಲೆ, ಬಳೆ ಎಲ್ಲ ಕಾಣುತ್ತವೆ, ಇದು ಕಾಣಲಿಲ್ಲವೆ?

ಎದುರು ಮನೆಯಾಕೆಗೆ ಕಂಡಿತು. ಅವಳು ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ ಹೆಸರನ್ನು ಗೋಡೆಯ ಕಡೆ ಮಾಡಿ ಇಟ್ಟಳು. ಒಂದು ಹೋಳಿಗೆ ತೆಗೆದು, ಮುರಿದು ಬಾಯಿಗೆ ಹಾಕಿಕೊಂಡಳು.

"ಏನರ ಅನ್ರಿ," ಎಂದಳು, "ರಾಮದುರ್ಗದ ಮಂದಿ ಕೈರುಚಿನ ಬ್ಯಾರೆ."